ನಾವಿರುವುದು ಕೊಪ್ಪಳ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ತಂದೆಯ ಆಪರೇಷನ್ ಕೆಟ್ಟಿದೆ. ಪೊಲೀಸ್ ಕೇಸ್ ಹಾಕಿದರೆ ಪರಿಹಾರ ಬೇಗ ಸಿಗುತ್ತಾ?

ಸಿಗುವುದಿಲ್ಲ. ನಮ್ಮ ಮನೆಯಲ್ಲೂ ಇದೇ ಆಯಿತು. ಊರು ಗಂಗಾವತಿ ಕಡೆ. ಭತ್ತದ ಚೀಲ ಇಳಿಸುವಾಗ ಅಪ್ಪ ಟ್ರ್ಯಾಕ್ಟರ್ ಮೇಲಿಂದ ಬಿದ್ದು ಮುಂಗೈ ಮುರಿಯಿತು. ಖಾಸಗಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ರಾತ್ರಿ ಬೆರಳು ಊದಿಕೊಂಡು ಜೋಮು ಹಿಡಿಯಿತು. ಅವ್ವ ಮತ್ತೆ ಮತ್ತೆ ನರ್ಸಿಗೆ ಹೇಳಿದಳು. ‘ಮೊದಲ ದಿನ ಹಾಗೇ ಇರುತ್ತೆ’ ಅಂದರು. ಬೆಳಿಗ್ಗೆ ಪ್ಲಾಸ್ಟರ್ ಕತ್ತರಿಸುವಷ್ಟರಲ್ಲಿ ರಕ್ತ ಹರಿಯದೆ ಸ್ನಾಯು ಹಾಳಾಗಿತ್ತು. ಈಗಲೂ ಅಪ್ಪನ ಬೆರಳು ಮಡಚುವುದಿಲ್ಲ.

ಕಾಕಾ ಜನ ಕಟ್ಟಿಕೊಂಡು ಹೋಗಿ ಗಲಾಟೆ ಮಾಡಿದ. ಆಮೇಲೆ ಠಾಣೆ. ಏನೂ ಆಗಲಿಲ್ಲ. ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಡಾಕ್ಟರ್ ಮೇಲೆ ಕ್ರಿಮಿನಲ್ ಕೇಸ್ ನಿಲ್ಲಲು ತೀರಾ ಗಂಭೀರ ನಿರ್ಲಕ್ಷ್ಯ ಇರಬೇಕು. ಪೊಲೀಸರು ಮೊದಲು ಬೇರೆ ಡಾಕ್ಟರ ಅಭಿಪ್ರಾಯ ಪಡೆಯಬೇಕು. ಕೇಸ್ ನಿಂತರೂ ಅದು ಶಿಕ್ಷೆಯ ದಾರಿ, ದುಡ್ಡಿನದಲ್ಲ.

ನಮ್ಮನ್ನು ಮುಳುಗಿಸಿದ್ದು ಕೇಸ್ ಶೀಟ್, ಅಂದರೆ ರೋಗಿಯ ಚಿಕಿತ್ಸೆ ಬಗ್ಗೆ ಆಸ್ಪತ್ರೆ ಬರೆದಿಡುವ ಪೂರ್ತಿ ದಾಖಲೆ. ಡಿಸ್ಚಾರ್ಜ್ ಸಮರಿ ಇದೆಯಲ್ಲ, ಸಾಕು ಅಂದುಕೊಂಡೆವು. ಅದರಲ್ಲಿ ಕಥೆಯ ಕೊನೆ ಮಾತ್ರ ಇರುತ್ತೆ. ಅವ್ವ ಎಷ್ಟು ಗಂಟೆಗೆ ಹೇಳಿದಳು, ಡಾಕ್ಟರಿಗೆ ಫೋನ್ ಹೋಯಿತಾ, ಇದೆಲ್ಲ ಇರುವುದು ನರ್ಸ್ ಬರೆಯುವ ಹಾಳೆಯಲ್ಲಿ. ಆ ಹಾಳೆ ಇರುವುದು ಕೇಸ್ ಶೀಟಿನಲ್ಲಿ. ನಾವು ಕೌಂಟರಿನಲ್ಲಿ ಸುಮ್ನೆ ಬಾಯಲ್ಲಿ ಕೇಳಿದೆವು. ‘ನಾಳೆ ಬನ್ನಿ’ ಅಂದರು, ವಾಪಸ್ ಬಂದೆವು. 2002ರ ವೈದ್ಯರ ನಡತೆ ನಿಯಮಗಳಲ್ಲಿ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತಿದೆ. ಆದರೆ ಕೇಳಿದ್ದಕ್ಕೇ ಸಾಕ್ಷಿ ಇಲ್ಲವಲ್ಲ! ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಅವರ ಸೀಲು, ಸಹಿ ಹಾಕಿಸಿಕೊಳ್ಳಬೇಕಿತ್ತು. ಹಾಕದಿದ್ದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಬೇಕಿತ್ತು. ಆಮೇಲೆ ಕೊಡದಿದ್ದರೂ ವಕೀಲರಿಗೆ ಅದೇ ಒಂದು ವಾದ ಆಗುತ್ತಿತ್ತು. ಆಮೇಲೆ ಪರಿಹಾರಕ್ಕೆ ಗ್ರಾಹಕರ ಆಯೋಗಕ್ಕೆ, ಅಂದರೆ ಗ್ರಾಹಕರ ಕೋರ್ಟಿಗೆ ಹೋದೆವು. ಅದರ ಮೂಲಕ ಕೇಸ್ ಶೀಟ್ ಕೈಗೆ ಬಂದಾಗ ಆ ರಾತ್ರಿಯ ಹಾಳೆಯೇ ಇರಲಿಲ್ಲ. ಕೊನೆಗೆ ರಾಜಿ. ಬಂದ ದುಡ್ಡು ಆಮೇಲೆ ಕೈಗೆ ಮಾಡಿಸಿದ ಆಪರೇಷನ್ನಿಗೂ ಸಾಲಲಿಲ್ಲ.

ಠಾಣೆ ಬಿಡಿ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ದೂರಿಗೆ 2 ವರ್ಷ ಕಾಲಾವಕಾಶ. ಆಸ್ಪತ್ರೆಗೆ ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆಪರೇಷನ್ ಹುಬ್ಬಳ್ಳಿಯಲ್ಲಿ ಆಗಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವಿರುವ ಕೊಪ್ಪಳದಲ್ಲೇ ದೂರು ಕೊಡಬಹುದು.

ಗುಣ ಆಗಲಿಲ್ಲ ಅಂದಮಾತ್ರಕ್ಕೆ ನಿರ್ಲಕ್ಷ್ಯ ಅಂತ ಆಗಲ್ಲ. ಹಾಗಾಗಿ ವಕೀಲರಿಗಿಂತ ಮೊದಲು ಕೇಸ್ ಶೀಟನ್ನು ಇನ್ನೊಬ್ಬ ಸರ್ಜನ್‌ಗೆ ತೋರಿಸಿ. ಬೇರೆ ಊರಿನವರಿಗೆ. ಒಂದೇ ಊರಿನ ಡಾಕ್ಟರು ಒಬ್ಬರ ಮೇಲೊಬ್ಬರು ಬರೆದುಕೊಟ್ಟಿದ್ದನ್ನು ನಾನಂತೂ ಕಾಣೆ.