ಮೊದಲು ಎಕ್ಸ್‌ರೇ ತೋರಿಸಿ

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಆಟದಲ್ಲಿ ಬಿದ್ದು ಮೊಣಕಾಲು ಊದಿತ್ತು. ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಆದರೆ ತೊಡೆ ಮೂಳೆಯ ಕೆಳಭಾಗದಲ್ಲಿ ‘ನಾನ್ ಆಸಿಫೈಯಿಂಗ್ ಫೈಬ್ರೋಮಾ’ ಎಂಬ ಗಡ್ಡೆ ಇದೆ ಅಂತ ರಿಪೋರ್ಟ್ ಬಂತು. ಈಗ ಊತವೂ ಇಲ್ಲ, ನೋವೂ ಇಲ್ಲ. ಡಾಕ್ಟರು ಏನೂ ಮಾಡಿಸಬೇಡಿ ಅಂದರು. ಮನೆಯಲ್ಲಿ ಎಲ್ಲರದೂ ಎಂಆರ್‌ಐ ಮಾಡಿಸಿ ಎಂದು ಒಂದೇ ಹಟ. ಬರೀ ಎಕ್ಸ್‌ರೇ ನೋಡಿ ಕ್ಯಾನ್ಸರ್ ಅಲ್ಲ ಅಂತ ಹೇಳೋಕಾಗುತ್ತಾ? ಫಿಲ್ಮ್ ಜೊತೆಗಿಟ್ಟಿದ್ದೇನೆ.

ಉತ್ತರ: ಆಗುತ್ತದೆ ತಾಯಿ. ಈ ಗಡ್ಡೆಯ ವಿಷಯದಲ್ಲಂತೂ ಸಲೀಸಾಗಿ ಆಗುತ್ತದೆ.

ನಿಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದೆ. ನೀವೂ ಒಮ್ಮೆ ನೋಡಬಹುದಿತ್ತು. ಮೂಳೆಯ ಒಂದು ಪಕ್ಕಕ್ಕೆ ಅಂಟಿಕೊಂಡಂತೆ ಕಪ್ಪು ಮಚ್ಚೆ, ಅದರ ಸುತ್ತ ಚೂಪು ಪೆನ್ಸಿಲ್‌ನಲ್ಲಿ ಎಳೆದಂಥ ಬಿಳಿ ಗೆರೆ. ನಾನು ಮೊದಲು ಹುಡುಕುವುದು ಆ ಗೆರೆಯನ್ನೇ. ಗಡ್ಡೆ ನಿಧಾನಕ್ಕೆ ಬೆಳೆದರೆ ಸುತ್ತ ಗೋಡೆ ಕಟ್ಟಿಕೊಳ್ಳಲು ಮೂಳೆಗೆ ಪುರಸೊತ್ತು ಸಿಗುತ್ತದೆ. ನುಗ್ಗಿ ಬೆಳೆಯುವ ಗಡ್ಡೆ ಅಷ್ಟು ಸಮಯ ಕೊಡುವುದಿಲ್ಲ. ಆಗ ಅಂಚೇ ಸಿಗುವುದಿಲ್ಲ, ಮೂಳೆ ಗೆದ್ದಲು ತಿಂದ ಮರದ ಹಾಗೆ ಕಾಣುತ್ತದೆ. ಮೂಳೆಯ ಹೊರಪೊರೆ ಮೇಲೆದ್ದು ಈರುಳ್ಳಿಯಂತೆ ಪದರ ಪದರವಾಗಿಯೋ, ಸೂರ್ಯನ ಕಿರಣದಂತೆ ಹರಡಿಯೋ ಇರುತ್ತದೆ. ನಿಮ್ಮ ಮಗನ ಫಿಲ್ಮ್‌ನಲ್ಲಿ ಅಂಥದ್ದು ಒಂದೂ ಇಲ್ಲ.

ವಯಸ್ಸು, ಜಾಗ ಕೂಡ ಲೆಕ್ಕಕ್ಕೆ ಬರುತ್ತವೆ. ಇಂಥದೇ ಹೊಸ ಮಚ್ಚೆ 60 ವರ್ಷದವರ ಮೂಳೆಯಲ್ಲಿದ್ದರೆ ಬೇರೆ ಕಡೆಯ ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ಮೊದಲು ಯೋಚಿಸುತ್ತಿದ್ದೆ. ಬೆಳೆಯುವ ಮಕ್ಕಳ ಮೊಣಕಾಲಿನ ಆಸುಪಾಸಿನಲ್ಲಿ ಈ ಫೈಬ್ರೋಮಾ ತೀರಾ ಸಾಮಾನ್ಯ. ದೊಡ್ಡವರಾಗುತ್ತಾ ತಾನಾಗಿಯೇ ಮೂಳೆ ತುಂಬಿಕೊಳ್ಳುತ್ತದೆ. ಮಚ್ಚೆ ಮೂಳೆಯ ಅರ್ಧ ಅಗಲಕ್ಕಿಂತ ಜಾಸ್ತಿ ಇದ್ದರೆ ಮುರಿಯುವ ಭಯ ಇರುತ್ತದೆ. ನಿಮ್ಮ ಮಗನದು ಅಷ್ಟಿಲ್ಲ. ನೋವು ಶುರುವಾದರೆ ಮಾತ್ರ ನಿಮ್ಮ ಡಾಕ್ಟರಿಗೆ ತೋರಿಸಿ.

ಎಂಆರ್‌ಐ ಮಾಡಿಸಿದರೆ ನಷ್ಟವೇನು ಅಂತೀರಾ? ನನ್ನದೇ ಎಡವಟ್ಟು ಹೇಳುತ್ತೇನೆ. ಎಕ್ಸ್‌ರೇ, ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹುಡುಗನ ಕಾಲಿನ ಎಂಆರ್‌ಐ ಬಂತು. ಮೂಳೆಯೊಳಗೆ, ಸುತ್ತಲಿನ ಮಾಂಸದಲ್ಲಿ, ಎಲ್ಲೆಲ್ಲೂ ನೀರು ತುಂಬಿದ ಬಿಳುಪು. ‘ಕೆಟ್ಟ ಗಡ್ಡೆ ಇರಬಹುದು’ ಎಂದು ಬರೆದೇಬಿಟ್ಟೆ. ನಮ್ಮ ಹಿರಿಯರು ರಿಪೋರ್ಟ್ ಓದಲೇ ಇಲ್ಲ. “ಎಕ್ಸ್‌ರೇ ಎಲ್ಲಯ್ಯಾ?” ಅಂದರು. ನಾನು ತರಿಸಿಯೇ ಇರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಒಂದು ಕಡೆ ದಪ್ಪಗಾಗಿತ್ತು ಅಷ್ಟೇ. ಸಿಟಿ ಸ್ಕ್ಯಾನ್ ಮಾಡಿದಾಗ ಆ ದಪ್ಪದ ನಡುವೆ ಅಂಗಿ ಗುಂಡಿಗಿಂತ ಚಿಕ್ಕ ಕಪ್ಪು ಚುಕ್ಕೆ ಸಿಕ್ಕಿತು. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಪುಟ್ಟ ಮೂಳೆ ಗಡ್ಡೆ, ಕ್ಯಾನ್ಸರ್ ಅಲ್ಲವೇ ಅಲ್ಲ. ಹುಡುಗನನ್ನು ಕೇಳಿದರೆ, ರಾತ್ರಿ ಹೊತ್ತು ನೋವು ಜಾಸ್ತಿ, ಮಾತ್ರೆ ನುಂಗಿದರೆ ಹೋಗುತ್ತೆ ಅಂದ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ! ಅವನ ಅಮ್ಮ ಎರಡು ದಿನ ಊಟ ಬಿಟ್ಟಿದ್ದರು, ನನ್ನ ಒಂದು ಸಾಲಿನಿಂದ.

ಎಂಆರ್‌ಐ ಕೆಟ್ಟದ್ದಲ್ಲ. ಅದು ಸಣ್ಣ ಊತವನ್ನೂ ದೊಡ್ಡದಾಗಿ ತೋರಿಸುತ್ತದೆ. ಎಕ್ಸ್‌ರೇ ಪಕ್ಕದಲ್ಲಿಲ್ಲದೆ ಅದನ್ನು ಓದಲು ನನಗೆ ಈಗಲೂ ಧೈರ್ಯ ಸಾಲದು.

ಪ್ರಶ್ನೆ: ತಂಗಿಯ ಮಗಳ ಮೂಳೆಯಲ್ಲಿ ಕೆಟ್ಟ ಗಡ್ಡೆಯ ಅನುಮಾನ ಇದೆಯಂತೆ. ಬಯಾಪ್ಸಿ ಮಾಡುವುದು ಬಿಟ್ಟು ಮೊದಲು ಎಂಆರ್‌ಐ ಅಂತಿದ್ದಾರೆ. ಸುಮ್ನೆ ತಡ ಅಲ್ವಾ?

ಉತ್ತರ: ಅಲ್ಲ, ಅವರು ಹೇಳುತ್ತಿರುವುದೇ ಸರಿ. ಇಲ್ಲಿ ಎಂಆರ್‌ಐ ಬೇಕೇ ಬೇಕು. ಬಯಾಪ್ಸಿ ಎಂದರೆ ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವುದು. ಅದಕ್ಕೆ ಸೂಜಿ ಚುಚ್ಚಿದ ಮೇಲೆ ರಕ್ತ, ಊತ ಸೇರಿಕೊಂಡು ಗಡ್ಡೆ ಎಲ್ಲಿಯವರೆಗಿದೆ ಎಂದು ತಿಳಿಯುವುದು ಕಷ್ಟ. ಅದೇ ಮೂಳೆಯಲ್ಲಿ ದೂರ ಇನ್ನೊಂದು ತುಣುಕು ಅಡಗಿರಬಹುದು, ಹಾಗಾಗಿ ಇಡೀ ಮೂಳೆಯ ಚಿತ್ರ ತೆಗೆಯುತ್ತಾರೆ. ಇನ್ನೊಂದು ಮಾತು. ಸೂಜಿ ಹೋದ ದಾರಿಯನ್ನೂ ಆಪರೇಷನ್‌ನಲ್ಲಿ ಗಡ್ಡೆಯ ಜೊತೆಗೇ ತೆಗೆಯಬೇಕಾಗಬಹುದು. ಅದಕ್ಕೇ ಎಲ್ಲಿ ಚುಚ್ಚಬೇಕು ಎಂಬುದನ್ನು ಮುಂದೆ ಆಪರೇಷನ್ ಮಾಡುವ ಡಾಕ್ಟರೇ ಹೇಳಬೇಕು. ಅವರನ್ನು ಕೇಳದೆ ಬೇರೆ ಕಡೆ ಅವಸರಕ್ಕೆ ಬಯಾಪ್ಸಿ ಮಾಡಿಸಬೇಡಿ. ಎಂಆರ್‌ಐಗೆ ಹೋಗುವಾಗ ಹಳೆಯ ಎಕ್ಸ್‌ರೇ ಮರೆಯದೆ ಕೈಯಲ್ಲಿರಲಿ.