ದಿನಾ ಒಂದು ಗಂಟೆ ಓಡಿದರೆ ಕ್ಯಾನ್ಸರ್ ಬರಲ್ವಾ?

ಅಪ್ಪನಿಗೆ 48ನೇ ವಯಸ್ಸಿಗೆ ದೊಡ್ಡ ಕರುಳಿನ ಕ್ಯಾನ್ಸರ್. ನಿಮಗೀಗ 39. ದಿನಾ ಒಂದು ಗಂಟೆ ಓಡ್ತೀರಿ. ಇಷ್ಟು ಸಾಕಾ, ಜಿಮ್ಮಿಗೂ ಸೇರಬೇಕಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ಎದೆ ಧಸಕ್ಕೆಂದಿತು. ನಾನೂ ಇದೇ ಲೆಕ್ಕದಲ್ಲಿ ಮುಳುಗಿದ್ದವನು.

ನಮ್ಮನೆಯಲ್ಲಿ ಅದೇ ಕಾಯಿಲೆ ಅಮ್ಮನಿಗೆ ಬಂದಿತ್ತು. ಅವರು ತೀರಿಕೊಂಡ ಮೇಲೆ ಓಟಕ್ಕೆ ಇಳಿದೆ. ಹೆದರಿಕೆಯಿಂದಲೇ ಶುರುವಾದದ್ದು, ಆಮೇಲೆ ಚಟವಾಯಿತು. ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳನ್ನು ಒಳಗಿಂದ ನೋಡುವ ಪರೀಕ್ಷೆ) ಮಾಡಿಸಿಕೋ ಅಂತ ಅಕ್ಕ ಹೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: ‘ನಾನು ಓಡ್ತೀನಲ್ಲ, ನಂಗ್ಯಾಕೆ?’

ಒಂದು ವರ್ಷ ದಿಬ್ಬ ಹತ್ತುವಾಗ ಏದುಸಿರು ಬರತೊಡಗಿತು. ಮೊದಲು ಮಾತಾಡ್ತಾ ಹತ್ತುತ್ತಿದ್ದ ದಿಬ್ಬ ಅದು. ಈಗ ಅರ್ಧಕ್ಕೇ ಮಂಡಿ ಹಿಡಿದು ನಿಲ್ಲುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂತು. ದೂರ ಓಡುವವರಿಗೆ ಪಾದ ನೆಲಕ್ಕೆ ಬಡಿದೂ ಬಡಿದೂ ಕೆಂಪು ರಕ್ತಕಣ ಒಡೆಯುತ್ತವೆ ಅಂತ ಎಲ್ಲೋ ಓದಿದ್ದೆ. ಅದು ಸುಳ್ಳೇನಲ್ಲ. ಆದರೆ ನನ್ನ ರಕ್ತ ಹೋಗುತ್ತಿದ್ದದ್ದು ಪಾದದಲ್ಲಲ್ಲ, ಕರುಳಿನಲ್ಲಿ. ಡಾಕ್ಟರನ್ನು ಕೇಳದೆ ನಾನೇ ಕಬ್ಬಿಣದ ಮಾತ್ರೆ ತಂದು ನುಂಗಿದೆ. ಆ ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತೆ. ಹಾಗಾಗಿ ಬಣ್ಣ ಬದಲಾದರೂ ಯೋಚಿಸಲಿಲ್ಲ. ಮಾತ್ರೆಯಿಂದ ಹಿಮೋಗ್ಲೋಬಿನ್ ಸ್ವಲ್ಪ ಏರಿತು ಬೇರೆ. ಅದೇ ನನ್ನನ್ನು ಮುಳುಗಿಸಿದ್ದು. ರಕ್ತ ಸೋರುತ್ತಲೇ ಇತ್ತು, ನಾನು ಮೇಲಿಂದ ತುಂಬಿಸುತ್ತಿದ್ದೆ, ರಿಪೋರ್ಟ್ ಚೆನ್ನಾಗಿ ಕಾಣುತ್ತಿತ್ತು. ಹೊಟ್ಟೆ ಕೆಟ್ಟರೆ ‘ಓಡುವವರಿಗೆ ಇದೆಲ್ಲ ಮಾಮೂಲಿ’ ಅಂದುಕೊಂಡೆ. ತೂಕ ಇಳಿದರೆ ಖುಷಿಪಟ್ಟೆ! ಏನೇ ಆದರೂ ಓಟದಲ್ಲೇ ಒಂದು ಕಾರಣ ಸಿಕ್ಕಿಬಿಡುತ್ತಿತ್ತು. ಸೋಮಾರಿಯಾಗಿದ್ದರೆ ಬಹುಶಃ ಬೇಗ ಹೆದರುತ್ತಿದ್ದೆ.

ಗೊತ್ತಾಗುವ ಹೊತ್ತಿಗೆ ಮೂರನೇ ಹಂತ. ದುಗ್ಧರಸ ಗ್ರಂಥಿಗಳಿಗೂ (ಲಿಂಫ್ ನೋಡ್) ಹರಡಿತ್ತು. ಆಪರೇಷನ್, ಕೀಮೋ ಎಲ್ಲ ಆಯಿತು. ಬೆರಳ ತುದಿ ಈಗಲೂ ಜೋಮು, ಶರ್ಟಿನ ಗುಂಡಿ ಹಾಕಲು ಒದ್ದಾಡ್ತೀನಿ. ಈ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಅನ್ನುವ ಸಣ್ಣ ಗಂಟಿನಿಂದ ಶುರುವಾಗಿ, ಹತ್ತು ವರ್ಷದಷ್ಟು ಸಮಯ ತಗೊಂಡು ಬೆಳೆಯುತ್ತೆ. ಆ ಗಂಟನ್ನು ಕೊಲೊನೋಸ್ಕೋಪಿ ಮಾಡುವಾಗಲೇ ಕತ್ತರಿಸಿ ತೆಗೀಬಹುದು. ನನ್ನದನ್ನು ತೆಗೆಯಲು ಅಷ್ಟೊಂದು ಕಾಲ ಇತ್ತು, ನಾನು ಹೊಸ ಶೂ ನೋಡ್ತಾ ಕೂತಿದ್ದೆ.

ಹಾಗಂತ ಓಡೋದು ವೇಸ್ಟ್ ಅಂತಲ್ಲ. ಇದನ್ನು ಓದಿ ಯಾರಾದರೂ ಓಟ ಬಿಟ್ಟರೆ ನನಗೇ ಬೇಜಾರು. 2016ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಅಮೆರಿಕ, ಯುರೋಪಿನ ಸುಮಾರು 14 ಲಕ್ಷ ಜನರನ್ನು ನೋಡಿತ್ತು. ಚಟುವಟಿಕೆ ಜಾಸ್ತಿ ಇದ್ದವರಲ್ಲಿ 26 ಬಗೆಯ ಕ್ಯಾನ್ಸರ್‌ಗಳ ಪೈಕಿ 13 ಕಡಿಮೆ ಕಂಡವು. ಕರುಳು, ಸ್ತನ, ಮೂತ್ರಪಿಂಡ ಎಲ್ಲ ಆ ಪಟ್ಟಿಯಲ್ಲಿವೆ. ಮೈ ಆಡಿಸಿದರೆ ರಕ್ತದಲ್ಲಿ ಇನ್ಸುಲಿನ್ ಮಟ್ಟ ತಗ್ಗುತ್ತೆ, ಒಳಗಿನ ಉರಿಯೂತ ಇಳಿಯುತ್ತೆ, ಹೆಂಗಸರಲ್ಲಿ ಈಸ್ಟ್ರೋಜನ್ ಕಡಿಮೆಯಾಗುತ್ತೆ. ಇದೆಲ್ಲ ಸರಿ. ಆದರೆ ಕಡಿಮೆ ಅಂದರೆ ಕಡಿಮೆ ಅಷ್ಟೇ, ಬರೋದೇ ಇಲ್ಲ ಅಂತಲ್ಲ, ಅಲ್ವಾ?

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎಷ್ಟು ಓಡಿದರೆ ಸಾಕು ಅನ್ನೋದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥದ್ದು, ಇಲ್ಲವೇ 75ರಿಂದ 150 ನಿಮಿಷ ಓಟದಂಥದ್ದು. ನೀವು ಅದನ್ನು ಯಾವತ್ತೋ ದಾಟಿದ್ದೀರಿ. ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ ಅಂತಾರೆ, ಅದಕ್ಕೆ ಜಿಮ್ಮೇ ಬೇಕಿಲ್ಲ. ಓಟ ಮುಗಿಸಿ ಇಡೀ ದಿನ ಕುರ್ಚಿಗೆ ಅಂಟಿಕೊಳ್ಳಬೇಡಿ. ಇಷ್ಟೇ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ ಇದು.

ನಾನು ಈಗಲೂ ದಿನಾ ನಡೀತೀನಿ. 2025ರಲ್ಲಿ ಕರುಳಿನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 889 ಜನರ ಮೇಲಿನ ಪ್ರಯೋಗದ ಫಲಿತಾಂಶ ಬಂತು. ಅರ್ಧ ಜನರಿಗೆ ಮೂರು ವರ್ಷ ಜೊತೆಗಿದ್ದು ವ್ಯಾಯಾಮ ಮಾಡಿಸಿದ್ದರು, ಉಳಿದವರಿಗೆ ಬರೀ ಆರೋಗ್ಯ ಸಲಹೆಯ ಪುಸ್ತಿಕೆ. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಮತ್ತೆ ಬಾರದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಸುಮಾರು 80%, ಎರಡನೆಯದರಲ್ಲಿ 74%. ನಾನು ನಡೆಯೋದು ಆ ವ್ಯತ್ಯಾಸಕ್ಕೆ. ಆದರೆ ಸ್ಕ್ಯಾನ್ ತಾರೀಕು ಒಂದೂ ತಪ್ಪಿಸಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಅಪ್ಪ ಅಮ್ಮ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗವೋ ಆಗ ಕೊಲೊನೋಸ್ಕೋಪಿ ಶುರು ಮಾಡಿ ಅನ್ನೋದು ವೈದ್ಯರ ಸಾಮಾನ್ಯ ಸಲಹೆ. ನಿಮ್ಮಪ್ಪನಿಗೆ 48. ಅಂದರೆ ನಿಮಗೆ 38ಕ್ಕೇ ಆಗಬೇಕಿತ್ತು. ಈ ವಾರವೇ ಡಾಕ್ಟರನ್ನು ಕಂಡು ತಾರೀಕು ತಗೊಳ್ಳಿ. ಪರೀಕ್ಷೆಗೆ ಮೊದಲು ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದ ದಿನ ಓಡೋಕೆ ಹೇಗೂ ಆಗಲ್ಲ, ಬಚ್ಚಲ ಹತ್ತಿರವೇ ಇರಿ.