ಬ್ಯಾಂಕಿನಲ್ಲಿ ಕಲಿತದ್ದು ಸೆಕ್ಯುರಿಟಿ ಪರೀಕ್ಷೆಗೂ ಬರುತ್ತದೆ

ನೀವು ಕೇಳಿದ್ದು ಇಷ್ಟು. ಗಂಡನ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಗಿದೆ. ಊರಲ್ಲಿ ಏಳು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೀರಿ. ಕೋಡಿಂಗ್ ಬರುವುದಿಲ್ಲ. ಮಾಹಿತಿ ಭದ್ರತೆಯ ಕಡೆ ಹೋಗಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಒಂದು ತರಬೇತಿ ಸಂಸ್ಥೆ ಮೂರು ಸರ್ಟಿಫಿಕೇಟ್ ಒಟ್ಟಿಗೆ ಸೇರಿಸಿ, ಕೆಲಸ ಗ್ಯಾರಂಟಿ ಅಂತ ಹೇಳಿ ದೊಡ್ಡ ಮೊತ್ತ ಕೇಳುತ್ತಿದೆ. ಸೇರಲಾ ಅಕ್ಕ ಅಂತ ಕೇಳಿದ್ದೀರಿ.

ಸೇರಬೇಡಿ. ನಿಮಗೆ ಈಗ ಒಂದು ಪರೀಕ್ಷೆ ಸಾಕು. ನಾನು ಇಲ್ಲಿಗೆ ಬಂದು ಬಹಳ ವರ್ಷವಾಯಿತು, ಇದೇ ಕೆಲಸದಲ್ಲಿದ್ದೇನೆ, ಹೊಸಬರ ಅರ್ಜಿಗಳನ್ನೂ ನೋಡುತ್ತೇನೆ. ಅನುಭವವಿಲ್ಲದೆ ಮೂರು ಸರ್ಟಿಫಿಕೇಟ್ ಇಟ್ಟುಕೊಂಡು ಬಂದವರಿಗಿಂತ, ಒಂದೇ ಸರ್ಟಿಫಿಕೇಟ್ ಇದ್ದು ಅದನ್ನು ತಮ್ಮ ಹಳೆಯ ಕೆಲಸಕ್ಕೆ ಜೋಡಿಸಿ ಮಾತಾಡುವವರು ಸಂದರ್ಶನದಲ್ಲಿ ಮುಂದೆ ಹೋಗುತ್ತಾರೆ. ನಿಮ್ಮ ಹತ್ತಿರ ಜೋಡಿಸುವುದಕ್ಕೆ ಏಳು ವರ್ಷದ ಸರಕಿದೆ.

ಹೊಸಬರು ಹೆಚ್ಚಾಗಿ ಕೇಳುವುದು ಎರಡು ಪರೀಕ್ಷೆಗಳ ಬಗ್ಗೆ. ಒಂದು ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್. ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ, ಪಾಸಾಗಲು 100ರಿಂದ 900ರ ಅಳತೆಯಲ್ಲಿ 750 ಅಂಕ, ಮೂರು ವರ್ಷಕ್ಕೊಮ್ಮೆ ನವೀಕರಣ. ಕಂಪ್ಯೂಟರ್ ಪರದೆಯ ಮೇಲೇ ಮಾಡಿ ತೋರಿಸುವ ಪ್ರಶ್ನೆಗಳೂ ಬರುತ್ತವೆ. ನೆಟ್‌ವರ್ಕ್ ಸಪೋರ್ಟ್‌ನಿಂದ ಬಂದವರಿಗೆ ಅದು ಸರಿ. ಇನ್ನೊಂದು ಬಿಸಿಎಸ್, ಅಂದರೆ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿ, ನಡೆಸುವ ಸಿಐಎಸ್‌ಎಂಪಿ, ಅಂದರೆ ಮಾಹಿತಿ ಭದ್ರತೆಯ ನಿರ್ವಹಣೆಯ ತತ್ವಗಳ ಸರ್ಟಿಫಿಕೇಟ್. 100 ಪ್ರಶ್ನೆ, ಎರಡು ಗಂಟೆ, 65 ಸರಿ ಇದ್ದರೆ ಪಾಸ್. ಎಲ್ಲವೂ ಸರಿ ಉತ್ತರ ಆರಿಸುವ ಪ್ರಶ್ನೆಗಳೇ. ಇದು ಭದ್ರತೆಯನ್ನು ಸಂಸ್ಥೆಯೊಂದು ಹೇಗೆ ನಡೆಸುತ್ತದೆ ಅನ್ನುವುದರ ಬಗ್ಗೆ. ರಿಸ್ಕ್, ಪಾಲಿಸಿ, ಕಾನೂನು, ಆಡಿಟ್, ಜನ, ಕಟ್ಟಡ, ತಂತ್ರಜ್ಞಾನ, ಎಲ್ಲವೂ ಇದೆ. ನಿಮಗೆ ಇದೇ ಹೊಂದುತ್ತದೆ ಅಂತ ನನಗೆ ಅನುಮಾನವೇ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಶಾಖೆಯಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಪಾಸ್ ಮಾಡಬೇಕಿತ್ತು, ಅಲ್ವಾ? ಸಿಲಬಸ್‌ನಲ್ಲಿ ಅದಕ್ಕೆ ಸೆಗ್ರಿಗೇಷನ್ ಆಫ್ ಡ್ಯೂಟೀಸ್ ಅನ್ನುತ್ತಾರೆ. ಕ್ಯಾಶ್ ಸೇಫಿನ ಎರಡು ಕೀಲಿ ಇಬ್ಬರ ಹತ್ತಿರ ಇರುತ್ತಿದ್ದವು. ಅದು ಡ್ಯುಯಲ್ ಕಂಟ್ರೋಲ್. ವರ್ಗವಾಗಿ ಹೋದವರ ಯೂಸರ್ ಐಡಿಯ ಅಧಿಕಾರ ತೆಗೆಯುತ್ತಿದ್ದದ್ದು ಆಕ್ಸೆಸ್ ಕಂಟ್ರೋಲ್. ಸೂಕ್ಷ್ಮ ಜಾಗದಲ್ಲಿ ಕೆಲಸ ಮಾಡುವವರನ್ನು ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ, ಮುಂಚೆ ತಿಳಿಸದೆ, ಕಡ್ಡಾಯ ರಜೆ ಮೇಲೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅವರು ಇಲ್ಲದಾಗ ಬೇರೆಯವರು ಆ ಕೆಲಸ ನೋಡಿದರೆ ಮುಚ್ಚಿಟ್ಟದ್ದು ಹೊರಬರುತ್ತದೆ ಅನ್ನುವುದು ಲೆಕ್ಕ. ಭದ್ರತೆಯ ಪಠ್ಯದಲ್ಲಿ ಅದು ವಂಚನೆ ಪತ್ತೆ ಮಾಡುವ ಒಂದು ಕಂಟ್ರೋಲ್, ಅಂದರೆ ನಿಯಂತ್ರಣ ಕ್ರಮ. ಎಷ್ಟೋ ಎಂಜಿನಿಯರ್‌ಗಳು ಇದನ್ನು ಪುಸ್ತಕದಲ್ಲಿ ಮೊದಲ ಸಲ ಓದಿ ಬಾಯಿಪಾಠ ಮಾಡುತ್ತಾರೆ. ನೀವು ಇದರೊಳಗೇ ಬದುಕಿ ಬಂದಿದ್ದೀರಿ.

ಹೊಸದಾಗಿ ಕಲಿಯಬೇಕಾದದ್ದೂ ಇದೆ. ನೆಟ್‌ವರ್ಕ್, ಕ್ಲೌಡ್, ಗೂಢಲಿಪಿ (ಎನ್‌ಕ್ರಿಪ್ಷನ್). ಗೂಢಲಿಪಿಯ ಹೆಸರು ಕೇಳಿಯೇ ಹಲವರು ಹೆದರುತ್ತಾರೆ. ಗಣಿತ ಬೇಡ. ಗುಟ್ಟಾಗಿ ಕಳಿಸಬೇಕಾದರೆ ಪಡೆಯುವವರ ಪಬ್ಲಿಕ್ ಕೀ (ಎಲ್ಲರಿಗೂ ಕೊಡುವ ಕೀಲಿ), ಸಹಿ ಹಾಕಬೇಕಾದರೆ ನಮ್ಮದೇ ಪ್ರೈವೇಟ್ ಕೀ (ಯಾರಿಗೂ ಕೊಡದ ಕೀಲಿ), ಮಾಹಿತಿ ಬದಲಾಗಿಲ್ಲ ಅಂತ ತಿಳಿಯಲು ಹ್ಯಾಷ್ (ಮಾಹಿತಿಯ ಬೆರಳಚ್ಚು ಇದ್ದಂತೆ). ಇದನ್ನು ಬೇರೆಯವರಿಗೆ ವಿವರಿಸುವ ಮಟ್ಟಿಗೆ ಅರ್ಥಮಾಡಿಕೊಂಡರೆ ಈ ಭಾಗದ ಹೆಚ್ಚಿನ ಭಯ ಹೋಗುತ್ತದೆ.

ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001 ಬಗ್ಗೆ ಒಂದು ಎಚ್ಚರಿಕೆ. ಪರಿಚಯದವರು ಹಳೇ ನೋಟ್ಸ್ ಕಳಿಸುತ್ತಾರೆ. ಅದರಲ್ಲಿ 114 ಕಂಟ್ರೋಲ್ ಅಂತ ಇದ್ದರೆ ಅದು 2013ರ ಆವೃತ್ತಿ. 2022ರ ಆವೃತ್ತಿಯಲ್ಲಿ 93 ಇವೆ, ನಾಲ್ಕು ಗುಂಪಾಗಿ: ಸಂಸ್ಥೆ, ಜನ, ಭೌತಿಕ, ತಾಂತ್ರಿಕ. ಬಿಸಿಎಸ್ ಪುಟದಿಂದ ಈಗಿನ ಸಿಲಬಸ್ ನೀವೇ ಇಳಿಸಿಕೊಂಡು ಅದರ ಪ್ರಕಾರವೇ ಓದಿ.

ಪ್ರಶ್ನೆಗಳ ರೀತಿಗೆ ಮಾತ್ರ ಅಭ್ಯಾಸ ಬೇಕು. ನಾಲ್ಕರಲ್ಲಿ ಎರಡು ಉತ್ತರ ಸರಿಯಾಗಿಯೇ ಕಾಣುತ್ತವೆ. ಒಬ್ಬ ಸಿಬ್ಬಂದಿಯ ಲ್ಯಾಪ್‌ಟಾಪ್ ಕಳೆದುಹೋಗಿದೆ, ಮೊದಲು ಏನು ಮಾಡಬೇಕು ಅನ್ನೋ ಥರದ ಪ್ರಶ್ನೆ ನೋಡಿ. ಲ್ಯಾಪ್‌ಟಾಪಿನಲ್ಲಿರುವ ಮಾಹಿತಿಯನ್ನು ದೂರದಿಂದಲೇ ಅಳಿಸುವ ಆದೇಶ ಕಳಿಸುವುದು ಚುರುಕಾದ ಉತ್ತರ ಅನ್ನಿಸುತ್ತದೆ. ಆದರೆ ಸಂಸ್ಥೆಯ ಇನ್ಸಿಡೆಂಟ್ ಪ್ರಕ್ರಿಯೆಯ ಪ್ರಕಾರ ವರದಿ ಮಾಡುವುದು ಮೊದಲು ಬರುತ್ತದೆ. ಹಾಗೆಯೇ, ಒಂದು ರಿಸ್ಕ್ ಅನ್ನು ಇದ್ದಂತೆಯೇ ಒಪ್ಪಿಕೊಳ್ಳುವ ಅಧಿಕಾರ ಯಾರದು? ಸೆಕ್ಯುರಿಟಿ ಮ್ಯಾನೇಜರ್ ಅಂತ ಬರೆಯಬೇಡಿ. ಆ ವ್ಯವಹಾರ ಯಾರದೋ ಆ ರಿಸ್ಕ್ ಅವರದು. ಪ್ರತಿ ಪ್ರಶ್ನೆಗೂ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಯೋಚಿಸಿ. ನೀವು ಶಾಖೆಯಲ್ಲಿ ಆಡಿಟರ್‌ಗೆ ಉತ್ತರ ಕೊಟ್ಟವರು, ಇದು ಬೇಗ ಹಿಡಿಯುತ್ತದೆ.

ಇನ್ನೊಂದು ಮಾತು. ಪರೀಕ್ಷೆಯ ಭಾಷೆ ನಿಮ್ಮ ತಾಯ್ನುಡಿ ಅಲ್ಲದಿದ್ದರೆ 25% ಹೆಚ್ಚು ಸಮಯ ಕೇಳಿಕೊಳ್ಳಲು ಬಿಸಿಎಸ್‌ನಲ್ಲಿ ಅವಕಾಶವಿದೆ. ಬುಕ್ ಮಾಡುವ ಮೊದಲೇ ಕೇಳಬೇಕು. ನಮ್ಮವರು ಇಂಗ್ಲಿಷ್ ಬರುತ್ತಲ್ಲ ಅಂತ ಸಂಕೋಚಪಟ್ಟು ಕೇಳುವುದೇ ಇಲ್ಲ. ದಯವಿಟ್ಟು ಕೇಳಿ.

ಓದುವುದಕ್ಕೆ ಎಲ್ಲವನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕಿಲ್ಲ. ಇಲ್ಲಿಯ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ, ಎನ್‌ಸಿಎಸ್‌ಸಿ, ಒಳ್ಳೆಯ ಬರಹಗಳನ್ನು ಉಚಿತವಾಗಿ ಹಾಕಿದೆ. ಅದರ ಸೈಬರ್ ಎಸೆನ್ಷಿಯಲ್ಸ್ ಯೋಜನೆಯ ನಿಯಮಗಳನ್ನು ಓದಿ. ಫೈರ್‌ವಾಲ್, ಸರಿಯಾದ ಸೆಟ್ಟಿಂಗ್, ಅಪ್‌ಡೇಟ್, ಯಾರಿಗೆ ಯಾವ ಪ್ರವೇಶ, ಮಾಲ್‌ವೇರ್ ತಡೆ, ಐದೇ ವಿಷಯ.

ಅದಕ್ಕಿಂತಲೂ ನಾನು ಒತ್ತಿ ಹೇಳುವುದು ಐಸಿಒ ಬಗ್ಗೆ. ಅದು ಇಲ್ಲಿಯ ಮಾಹಿತಿ ರಕ್ಷಣೆಯ ಅಧಿಕಾರ ಸಂಸ್ಥೆ. ದಂಡ ಹಾಕಿದಾಗ ಅದು ಬರೆಯುವ ಆದೇಶಗಳನ್ನು ಓದಿ. 2020ರಲ್ಲಿ ಬ್ರಿಟಿಷ್ ಏರ್‌ವೇಸ್‌ಗೆ 2 ಕೋಟಿ ಪೌಂಡ್ ದಂಡ ಬಿತ್ತು. 2018ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿವರಗಳಿಗೆ ಧಕ್ಕೆಯಾಗಿತ್ತು. ಕಳ್ಳರು ಒಳಗೆ ಬಂದದ್ದು ಹೊರಗಿನ ಸರಬರಾಜು ಕಂಪನಿಯೊಂದರ ಲಾಗಿನ್ ಮೂಲಕ. ಆ ಲಾಗಿನ್‌ಗೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಒಳಗೆ ಅಡ್ಮಿನ್ ಪಾಸ್‌ವರ್ಡ್ ಒಂದು ಫೈಲಿನಲ್ಲಿ ಹಾಗೇ ಓದುವಂತೆ ಇತ್ತು. ಎರಡು ತಿಂಗಳಿಗೂ ಹೆಚ್ಚು ಕಾಲ ಕಂಪನಿಗೆ ತಿಳಿಯಲೇ ಇಲ್ಲ, ಹೊರಗಿನವರು ಹೇಳಬೇಕಾಯಿತು. ಸಿಲಬಸ್‌ನ ಅರ್ಧ ಪಾಠಗಳು ಈ ಒಂದು ಘಟನೆಯಲ್ಲಿವೆ: ಸರಬರಾಜುದಾರರ ನಿಯಂತ್ರಣ, ಪ್ರವೇಶ, ಪಾಸ್‌ವರ್ಡ್, ನಿಗಾ. ಇಂಥ ಘಟನೆ ಗೊತ್ತಾದರೆ, ಜನರಿಗೆ ಅಪಾಯವಾಗುವ ಸಂಭವವಿದ್ದಲ್ಲಿ, 72 ಗಂಟೆಯೊಳಗೆ ಐಸಿಒಗೆ ತಿಳಿಸಬೇಕು ಅನ್ನುವುದು ಇಲ್ಲಿಯ ಮಾಹಿತಿ ರಕ್ಷಣಾ ಕಾನೂನಾದ ಯುಕೆ ಜಿಡಿಪಿಆರ್‌ನ ನಿಯಮ. ಬರೀ 72 ಅಂತ ಉರುಹೊಡೆದರೆ ಮರೆಯುತ್ತೀರಿ. ಘಟನೆಯ ಜೊತೆ ಓದಿದರೆ ಮರೆಯುವುದಿಲ್ಲ. ಸಂದರ್ಶನದಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕಲಿಯುವ ಉತ್ಸಾಹದಲ್ಲಿ ಬೇರೆಯವರ ವೆಬ್‌ಸೈಟ್, ವೈಫೈ ಮೇಲೆ ಏನನ್ನೂ ಪ್ರಯತ್ನಿಸಬೇಡಿ. ಕಂಪ್ಯೂಟರ್ ಮಿಸ್ಯೂಸ್ ಆಕ್ಟ್, 1990ರ ಪ್ರಕಾರ ಅನುಮತಿಯಿಲ್ಲದೆ ಒಳಹೊಕ್ಕುವುದೇ ಅಪರಾಧ, ಹಾನಿ ಮಾಡಿರಲಿ ಬಿಡಲಿ. ವೀಸಾದ ಮೇಲಿರುವವರಿಗೆ ಅದರ ಪರಿಣಾಮ ಇನ್ನೂ ಕೆಟ್ಟದ್ದು. ಹಾಗೆಯೇ ಕದ್ದ ಪ್ರಶ್ನೆಪತ್ರಿಕೆ ಕೊಡುತ್ತೇವೆ ಅನ್ನುವವರ ಹತ್ತಿರವೂ ಹೋಗಬೇಡಿ. ನಂಬಿಕೆಯೇ ಬಂಡವಾಳವಾದ ಕೆಲಸ ಇದು.

ಈಗ ಕೆಲಸ ಹುಡುಕುವ ಮಾತು. ನಿಮ್ಮಂತೆ ಗಂಡನ ಜೊತೆ ಡಿಪೆಂಡೆಂಟ್ ವೀಸಾದ ಮೇಲೆ ಬಂದವರಿಗೆ ಕೆಲಸ ಮಾಡಲು ಬೇರೆ ಸ್ಪಾನ್ಸರ್ ಬೇಡ. ಅರ್ಜಿಯ ಮೊದಲ ಪುಟದಲ್ಲೇ ಅದನ್ನು ಬರೆಯಿರಿ, ಕೇಳಿದಾಗ ಶೇರ್ ಕೋಡ್ (ನಿಮಗೆ ಕೆಲಸ ಮಾಡುವ ಹಕ್ಕಿದೆ ಅಂತ ಆನ್‌ಲೈನ್‌ನಲ್ಲಿ ತೋರಿಸುವ ಸಂಕೇತ) ಕೊಡಿ. ಎಸ್‌ಸಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಭದ್ರತಾ ತಪಾಸಣೆ, ಬೇಕು ಅನ್ನುವ ಜಾಹೀರಾತುಗಳನ್ನು ಸದ್ಯ ಬಿಟ್ಟುಬಿಡಿ. ಅದಕ್ಕೆ ಸಾಮಾನ್ಯವಾಗಿ ಈ ದೇಶದಲ್ಲಿ ಐದು ವರ್ಷದ ವಾಸ ನೋಡುತ್ತಾರೆ. ಅಲ್ಲಿಂದ ಉತ್ತರ ಬಾರದಿದ್ದರೆ ಸುಮ್ನೆ ನೊಂದುಕೊಳ್ಳಬೇಡಿ. ಬ್ಯಾಂಕು, ವಿಮೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ರಿಸ್ಕ್ ಅನಲಿಸ್ಟ್, ಕಂಪ್ಲೈಯನ್ಸ್, ಥರ್ಡ್ ಪಾರ್ಟಿ ರಿಸ್ಕ್ ಅನ್ನುವ ಹೆಸರಿನ ಕೆಲಸಗಳನ್ನು ಹುಡುಕಿ. ಜಾಹೀರಾತಿನಲ್ಲಿ ಸೈಬರ್ ಅನ್ನುವ ಪದ ಇಲ್ಲದಿದ್ದರೂ ಕೆಲಸ ಇದೇ ಆಗಿರುತ್ತದೆ.

ಓದು ಶುರು ಮಾಡುವ ಮೊದಲೇ ಒಂದು ಕೆಲಸ ಮಾಡಿ. ಈ ವಾರವೇ ನಿಮ್ಮ ಹಳೆಯ ಬ್ಯಾಂಕಿಗೆ ಬರೆದು, ಸೇರಿದ ಮತ್ತು ಬಿಟ್ಟ ತಾರೀಕು ಇರುವ ಅನುಭವ ಪತ್ರ ತರಿಸಿಕೊಳ್ಳಿ. ಇಲ್ಲಿ ಕೆಲಸ ಸಿಕ್ಕ ಮೇಲೆ ಹಿಂದಿನ ವರ್ಷಗಳ ವಿವರ ಪರಿಶೀಲಿಸುತ್ತಾರೆ. ಊರಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಹಲವು ಕಡೆ ಕೇಳುತ್ತಾರೆ. ಅದನ್ನು ಭಾರತೀಯ ಹೈಕಮಿಷನ್ ಮೂಲಕ ಇಲ್ಲಿಂದಲೇ ಪಡೆಯಬಹುದು. ಎರಡಕ್ಕೂ ಸಮಯ ಹಿಡಿಯುತ್ತದೆ. ಆ ಕಾಗದಗಳು ಬರುವಷ್ಟರಲ್ಲಿ ಸಿಲಬಸ್‌ನ ರಿಸ್ಕ್ ಅಧ್ಯಾಯ ಓದಿ ಮುಗಿಸಿ. ಅಲ್ಲಿ ಎಲ್ಲಾದರೂ ತಡೆದರೆ ನನಗೆ ಬರೆಯಿರಿ.